ರೊಟ್ಟಿ ನಾದಿದ ಕೈ

ಮೊದಲೇ ಹೇಳಿಬಿಡುತ್ತೇನೆ, ಸೇಫ್ಲೆಡಳನ್ನು ಹೊಗಳಿ ಅಟ್ಟಕ್ಕೇರಿಸಲು ನಾನು ಕೂತಿಲ್ಲ. ನನ್ನ ಕಿವಿಯನ್ನು ಅವಳು ಹಿಂಡಿದಷ್ಟು ನನ್ನ ಹೆತ್ತವ್ವ ಕೂಡ ಹಿಂಡಿಲ್ಲ. ಹಿಟ್ಟಿಗೆ ನೀರು ಹೆಚ್ಚಾದರೆ ಹಿಂಡುತ್ತಿದ್ದಳು, ಕಮ್ಮಿಯಾದರೆ ಹಿಂಡುತ್ತಿದ್ದಳು, ಎಲ್ಲ ಸರಿಯಾಗಿದ್ದರೆ 'ಇವತ್ತೇನೋ ಸರಿಹೋಯ್ತು, ನಾಳೆ ಕೆಡಿಸ್ತೀಯ' ಅಂತ ಇವತ್ತೇ ಹಿಂಡುತ್ತಿದ್ದಳು. ನನ್ನ ಎಡಗಿವಿ ಬಲಗಿವಿಗಿಂತ ಒಂದು ಕಾಳಿನಷ್ಟು ಉದ್ದ ಇರುವುದು ಅವಳ ದಯೆ. ಹಾಗಿದ್ದರೂ ಟೇಟೆ ಎಂಬ ನನ್ನ ಬದುಕಿನಲ್ಲಿ ಯಾರ ನೆನಪಿಗಾದರೂ ನಾದುವ ಕೈ ನಿಲ್ಲುತ್ತದೆ ಅಂದರೆ ಅದು ಅವಳ ನೆನಪಿಗೇ.

ಸೆಜ್‌ಬೋರ್ನ್ ಊರಿನ ನಾವೆಲ್ಲ ಅವಳನ್ನು ಕರೆಯುತ್ತಿದ್ದದ್ದು ಹ್ಲಾಫ್ದಿಯೆ ಎಂದು. ಹ್ಲಾಫ್ ಅಂದರೆ ನಮ್ಮಲ್ಲಿ ರೊಟ್ಟಿ. ಹ್ಲಾಫ್ದಿಯೆ ಅಂದರೆ ರೊಟ್ಟಿಯ ಹಿಟ್ಟು ನಾದುವವಳು. ಅವಳ ಗಂಡನನ್ನು ಕರೆಯುತ್ತಿದ್ದದ್ದು ಹ್ಲಾಫೋರ್ಡ್, ಅಂದರೆ ರೊಟ್ಟಿ ಕಾಯುವವನು. ಉಳುವವರು, ಹಂದಿ ಮೇಯಿಸುವವರು, ನನ್ನವ್ವನಂಥ ಜೀತದವರು, ನಾವೆಲ್ಲ ಆ ಮನೆಯ ರೊಟ್ಟಿ ತಿನ್ನುವವರು. ರಾಜನ ಹೆಂಡತಿಗೂ ಇದೇ ಹೆಸರು, ಆರು ನೇಗಿಲಿನ ನಮ್ಮ ಮನೆಯೊಡತಿಗೂ ಇದೇ ಹೆಸರು. ಇಗರ್ಜಿಯಲ್ಲಿ ಪಾದ್ರಿ ಏಸುವಿನ ತಾಯಿಯನ್ನು ಕರೆಯುವುದೂ ಹೀಗೇ. ಮೂವರ ಮೊಣಕೈವರೆಗೂ ಹಿಟ್ಟು ಅಂಟಿರುತ್ತದೆ ಅಂತಲೇ ನಾನು ಚಿಕ್ಕವಳಿದ್ದಾಗ ನಂಬಿದ್ದೆ. ಹಾಲುಹಲ್ಲಿನ ಮಕ್ಕಳಿಗೆ ಅಷ್ಟುದ್ದದ ಮಾತು ನಾಲಿಗೆಯಲ್ಲಿ ಹೊರಳದು. 'ಲೇಡಿ, ಲೇಡಿ' ಅಂತ ಅವಳ ಸೆರಗು ಹಿಡಿದು ಸುತ್ತುತ್ತಿದ್ದವು. ಈಗೀಗ ದೊಡ್ಡವರೂ ಹಾಗೇ ಅನ್ನಲು ಶುರುಮಾಡಿದ್ದಾರೆ, ಬಾಯಿಗೆ ಸೋಮಾರಿತನ.

ಅವಳು ಮದುವೆಯಾಗಿ ನಮ್ಮೂರಿಗೆ ಬಂದಾಗ ಹದಿನೇಳು ವರ್ಷ. ಅತ್ತೆ ಆಗಲೇ ತೀರಿಹೋಗಿದ್ದಳು, ಹೇಳಿಕೊಡುವವರು ಯಾರೂ ಇರಲಿಲ್ಲ. ಬಂದ ವರ್ಷವೇ ರೊಟ್ಟಿಹಬ್ಬ ಎದುರಿಗೆ ನಿಂತಿತ್ತು. ಗೋಧಿಯ ಮೊದಲ ಕೊಯ್ಲಿಗೆ ಬರುವ ಹಬ್ಬ ಅದು. ಆ ದಿನ ಹೊಸ ಗೋಧಿಯ ಹಿಟ್ಟನ್ನು ಹ್ಲಾಫ್ದಿಯೆ ಒಬ್ಬಳೇ ನಾದಬೇಕು, ಬೇರೆಯವರ ಬೆರಳು ತಾಕಕೂಡದು. ಬೆಂದ ಮೇಲೆ ಇಗರ್ಜಿಗೆ ಒಯ್ದು ಹರಸಿಸಿ, ಒಂದು ರೊಟ್ಟಿ ಪುಡಿಮಾಡಿ ಕಣಜದ ನಾಲ್ಕು ಮೂಲೆಗೆ ಹಾಕಿ, ಉಳಿದದ್ದನ್ನು ಅಂಗಳದಲ್ಲಿ ನಿಂತು ಒಬ್ಬೊಬ್ಬರಿಗೂ ಕೈಯಾರೆ ಮುರಿದು ಕೊಡಬೇಕು. ಅವಳ ಕೈಯಿಂದ ತಿಂದವನು ಮುಂದಿನ ರೊಟ್ಟಿಹಬ್ಬದ ತನಕ ಅವಳವನು. ಅವನನ್ನು ಮಾರುವ ಹಾಗಿಲ್ಲ, ಊರಿನಿಂದ ಎಬ್ಬಿಸುವ ಹಾಗಿಲ್ಲ, ಹಸಿದಿರಲು ಬಿಡುವ ಹಾಗಿಲ್ಲ. ನನ್ನವ್ವ ಜೀತದವಳು, ಆದರೂ ಆ ದಿನ ಸಾಲಿನಲ್ಲಿ ನಿಂತು ಎಲ್ಲರ ಹಾಗೇ ಕೈ ಒಡ್ಡುತ್ತಿದ್ದಳು.

ಮೊದಲ ವರ್ಷದ ರೊಟ್ಟಿ ಕಲ್ಲಾಗಿತ್ತಂತೆ. ನಾನಾಗ ಮೊಲೆ ಬಿಡದ ಕೂಸು, ಅವ್ವ ಹೇಳಿದ್ದು. ಉಳುವ ಡುನ್ನ ಆಗ ಇನ್ನೂ ಹರೆಯದವನು. ಕಚ್ಚಿ, ದವಡೆ ಹಿಡಿದುಕೊಂಡು, 'ಹ್ಲಾಫ್ದಿಯೆ, ಉಳಿದಿದ್ರೆ ಇಟ್ಟಿರಿ, ಕೊಟ್ಟಿಗೆ ಗೋಡೆ ಬಿದ್ದಿದೆ' ಅಂದನಂತೆ. ಅವಳು ಮೊದಲು ಕೆಂಪಾದಳು, ಆಮೇಲೆ ನಗಲು ಶುರುಮಾಡಿ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತಳು. ಅವತ್ತಿನಿಂದ ದಿನಾ ನಾದಿದಳು. ಹೊಟ್ಟೆಯಲ್ಲಿ ಹುಟ್ಟಿದ್ದು ಎರಡು, ಎರಡೂ ವರ್ಷ ತುಂಬುವ ಮೊದಲೇ ಹೋದವು. ಎರಡು ಸಲವೂ ಮಣ್ಣು ಮಾಡಿ ಬಂದ ಮಾರನೇ ದಿನ ಹಿಟ್ಟು ನಾದುವ ಓಕ್ ಮರದ ಮರಿಗೆಯ ಮುಂದೆ ನಿಂತಿದ್ದಳು. ಅವಳ ಗಂಡ ವುಲ್ಫ್‌ಮೇರ್ ಬೇಡ ಅಂದದ್ದಕ್ಕೆ, 'ಮೂವತ್ತೆಂಟು ಬಾಯಿ ಇದಾವೆ, ಅವೇನು ಮಾಡಿದ್ವು ಪಾಪ' ಅಂದಳಂತೆ.

ಒಂಬತ್ತು ವರ್ಷ ಹಾಗೆ ನಡೆಯಿತು. ಹತ್ತನೆಯದರಲ್ಲಿ, ಕೊಯ್ಲು ಮುಗಿದು ಬೀಚ್ ಮರದ ಕಾಯಿ ಉದುರುವ ಹೊತ್ತಿಗೆ, ಸಮುದ್ರದಾಚೆಯವರು ಹಡಗು ತುಂಬ ಕುದುರೆ ಇಳಿಸಿದ್ದಾರೆ ಅಂತ ರಾಜನ ಕರೆ ಬಂತು. ವುಲ್ಫ್‌ಮೇರ್ ಬಗಲಿಗೆ ಎರಡು ರೊಟ್ಟಿ ಕಟ್ಟಿಕೊಂಡು ಹೋದ. ಹೋದವನು ಹೋದ. ರಾಜನೂ ಅಲ್ಲೇ ಬಿದ್ದನಂತೆ, ನಮಗೆ ಅದರಿಂದ ಏನು ಸಮಾಧಾನ?

ಮುಂದಿನ ವಸಂತದಲ್ಲಿ, ಗೆದ್ದ ಆ ಸಮುದ್ರದಾಚೆಯವರ ಪೈಕಿ ಫುಲ್ಕ್ ಅನ್ನುವವನು ಬಂದ. ಹನ್ನೊಂದು ಕುದುರೆ, ಒಂದು ಮುದ್ರೆಯ ಕಾಗದ, ನಮಗೆ ತಿಳಿಯದ ಮಾತು. ಅವನ ಮಾತು ನಮ್ಮದಕ್ಕೆ ತಿರುಗಿಸಿ ಹೇಳಲು ಆಸ್ಗರ್ ಅನ್ನುವವನನ್ನು ಜೊತೆಗೆ ತಂದಿದ್ದ. ಆ ಆಸ್ಗರನೇ ಮುಂದೆ ಊರಿನ ಪಾರುಪತ್ಯಗಾರನಾದ. ಹೆಬ್ಬಾಗಿಲಲ್ಲಿ ನಿಂತು, 'ಈ ಮನೆ, ಈ ನೆಲ ಇನ್ನು ಧಣಿ ಫುಲ್ಕ್ ಅವರದು, ಹೊರಡಮ್ಮ' ಅಂದ. ಅವಳು ಮರಿಗೆಯಿಂದ ತಲೆ ಎತ್ತಲೂ ಇಲ್ಲ. 'ಹಿಟ್ಟು ಉಬ್ಬಿದೆ, ಬೇಯಿಸಿ ಹೋಗ್ತೀನಿ' ಅಂದಳು. ಅವರು ಕಾಯಲಿಲ್ಲ. ಇಬ್ಬರು ತೋಳು ಹಿಡಿದು ಹೊರಗೆ ಬಿಟ್ಟರು. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಹಳ್ಳ ದಾಟಿದಳು, ನಾನು ಹತ್ತು ವರ್ಷದವಳು, ಹಿಂದೆಯೇ ಓಡಿದೆ. ಹಳ್ಳದಲ್ಲಿ ಮುಖ ತೊಳೆದಳು, ಕೈ ತೊಳೆಯಲಿಲ್ಲ. ಹಿಟ್ಟು ತಾನಾಗಿ ಒಣಗಿ, ಬಿರಿದು, ಉದುರುವ ತನಕ ನಾಲ್ಕು ದಿನ ಕೈಯನ್ನು ಎದೆಗವಚಿಕೊಂಡೇ ಇದ್ದಳು.

ಹಳ್ಳದಾಚೆ ಕುರಿಗಾಹಿಯ ಹಾಳು ಗುಡಿಸಲು ಇತ್ತು, ಅಲ್ಲೇ ಉಳಿದಳು. ಒಂದು ಮಡಿ ಈರುಳ್ಳಿ ಸೊಪ್ಪು, ಸ್ವಲ್ಪ ಬಟಾಣಿ, ಮೂರು ಕೋಳಿ. ಊರಿನವರು ಬಿಟ್ಟುಕೊಟ್ಟ ಗೇಣಗಲದ ಪಟ್ಟಿಯಲ್ಲಿ ಬಾರ್ಲಿ. ನೋಡಿದವರು ಯಾರೋ ಪಾಪದ ವಿಧವೆ ಅನ್ನಬೇಕು, ಹಾಗೆ. ಆದರೆ ನಮ್ಮೂರಿನವರ ಬಾಯಲ್ಲಿ ಅವಳು ಹ್ಲಾಫ್ದಿಯೆಯೇ. ಆಸ್ಗರ್ ಬೈದ, ಬೆತ್ತ ಎತ್ತಿದ, ಡುನ್ನನ ಬೆನ್ನಿಗೆ ಎರಡು ಬಾರಿಸಿಯೂ ಬಾರಿಸಿದ. 'ನಾಲಿಗೆ ಅಭ್ಯಾಸ ಬಿಡಲ್ಲ ಸ್ವಾಮಿ, ಏನ್ಮಾಡೋದು, ಕಿತ್ತುಬಿಡ್ಲಾ?' ಅಂತ ಡುನ್ನ ನಾಲಿಗೆ ಚಾಚಿ ತೋರಿಸಿದ. ಆಮೇಲೆ ಆಸ್ಗರನೂ ಕೈಬಿಟ್ಟ.

ನಾನು ಬೆಳೆದ ಮೇಲೆ ನನ್ನನ್ನು ದೊಡ್ಡಮನೆಯ ಅಡುಗೆಮನೆಗೆ ಹಾಕಿದರು. ಹಿಟ್ಟು ನಾದುವ ಕೆಲಸ, ನಾನು ಏಳೆಂಟು ವರ್ಷದವಳಿದ್ದಾಗಲೇ ಹ್ಲಾಫ್ದಿಯೆ ಕಿವಿ ಹಿಂಡಿ ಕಲಿಸಿದ್ದು. ಅವಳು ನಿಲ್ಲುತ್ತಿದ್ದ ಅದೇ ಮರಿಗೆ, ಅವಳ ಸೊಂಟಕ್ಕೆ ಸವೆದ ಅದೇ ಅಂಚು. ಸೌದೆಗೆ ಹೋಗುವ ನೆಪದಲ್ಲಿ ವಾರಕ್ಕೊಮ್ಮೆ ಗುಡಿಸಲಿಗೆ ಹೋಗುತ್ತಿದ್ದೆ. ಅವಳು ಕೂತಿರುತ್ತಿದ್ದಳು. ಹೇಗಿದೀಯ ಅಂತ ಕೇಳುತ್ತಿರಲಿಲ್ಲ.

'ಕೈ ಕೊಡೇ' ಅನ್ನುವಳು.

ಕೊಡುತ್ತಿದ್ದೆ. ಉಗುರಿನ ಸಂದಿಯ ಹಿಟ್ಟನ್ನು ಮೂಸಿ ನೋಡುವಳು. ಕಣ್ಣು ಮುಚ್ಚಿಕೊಂಡು, ಬಹಳ ಹೊತ್ತು. 'ಒದ್ದೆ ಗೋಧಿ ಬೀಸಿದಾರೆ,' ಅನ್ನುವಳು. ಇಲ್ಲವೇ, 'ಹಿಟ್ಟು ಉಬ್ಬಿಸೋ ಬೀರಿನ ಬುರುಗು ಹಳೇದು, ಬದಲಾಯಿಸು.' ಒಮ್ಮೆಯೂ ತಪ್ಪಲಿಲ್ಲ. ನನಗೆ ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಹೋಗುವ ದಿನ ಬೇಕೆಂದೇ ಕೈ ಸರಿಯಾಗಿ ತೊಳೆಯದೆ ಹೋಗುತ್ತಿದ್ದೆ.

ಒಂದು ಸಲ ಕೇಳಿದೆ, 'ಇಲ್ಲೇ ಬಾರ್ಲಿ ಇದೆಯಲ್ಲ, ನಾದಬಾರದಾ? ಆಸೆ ತೀರುತ್ತೆ.'

'ಬಾರ್ಲಿ ಹಿಟ್ಟು ಮೂಕ ಕಣೆ. ಗೋಧಿ ಹಿಟ್ಟು ಕೈಗೆ ತಿರುಗಿ ಮಾತಾಡುತ್ತೆ. ಅದೂ ಹೋಗಲಿ, ನನ್ನೊಬ್ಬಳಿಗೆ ನಾದ್ಕೊಂಡ್ರೆ ಅದು ಬರೀ ಅಡುಗೆ.' ತನ್ನ ಅಂಗೈ ನೋಡಿಕೊಂಡು ಹೇಳಿದಳು, 'ಒಂದು ಸಲ ಟೇಟೆ. ಸಾಯೋದರೊಳಗೆ ಒಂದೇ ಒಂದು ರೊಟ್ಟಿಹಬ್ಬ. ಹೊಸ ಗೋಧಿ ರೊಟ್ಟಿ ಈ ಕೈಯಲ್ಲಿ ಇರಬೇಕು, ನೀವೆಲ್ಲ ಎದುರಿಗೆ ನಿಂತಿರಬೇಕು, ನಾನು ಮುರಿದು ಕೊಡಬೇಕು. ಮನೆ ಬೇಡ, ನೆಲ ಬೇಡ. ಅದೊಂದಾದ್ರೆ ನೆಮ್ಮದಿಯಾಗಿ ಹೋಗ್ತೀನಿ.'

ಗೋಧಿ ದೊಡ್ಡಮನೆಯದು, ಬೀಸುವ ಗಿರಣಿ ದೊಡ್ಡಮನೆಯದು, ಒಲೆ ದೊಡ್ಡಮನೆಯದು. ಫುಲ್ಕ್ ಬಂದಂದಿನಿಂದ ರೊಟ್ಟಿಹಬ್ಬವೂ ಇರಲಿಲ್ಲ. ಪಾದ್ರಿ ಏನೋ ಒಂದು ರೊಟ್ಟಿ ಹರಸುತ್ತಿದ್ದ, ಅಡುಗೆಯವನು ಅದನ್ನು ಪಂಕ್ತಿಗೆ ಕತ್ತರಿಸುತ್ತಿದ್ದ, ಮುಗಿಯಿತು. ಆ ದಿನ ಅವಳು ಹಳ್ಳದ ದಂಡೆಗೆ ಬಂದು ನಮ್ಮ ಒಲೆಯ ಹೊಗೆ ನೋಡುತ್ತಾ ಕೂರುತ್ತಿದ್ದಳು. ಸಂಜೆಯಾದ ಮೇಲೆ ಎದ್ದು ಹೋಗುತ್ತಿದ್ದಳು. ಇಪ್ಪತ್ತೆರಡು ವರ್ಷ ಹೀಗೆ.

ಇನ್ನು ಫುಲ್ಕನ ಹೆಂಡತಿ ಹಾವೀಸ್. ಸಮುದ್ರದಾಚೆಯಿಂದ ಮದುವೆಯಾಗಿ ಬಂದವಳು. ತೆಳ್ಳಗೆ, ಬಿಳಿಚಿಕೊಂಡು, ಬೇಸಿಗೆಯಲ್ಲೂ ಕೈಗವಸು. ಅವಳನ್ನು ಡಾಮ್, ಅವರ ಮಾತಿನಲ್ಲಿ ಒಡತಿ, ಅಂತ ಕರೆಯಬೇಕೆಂದು ಆಸ್ಗರ್ ಮೊದಲ ದಿನವೇ ಎಲ್ಲರನ್ನೂ ನಿಲ್ಲಿಸಿ ಬಾಯಿಪಾಠ ಮಾಡಿಸಿದ್ದ. ಡಾಮ್ ಅಂದೆವು. ಅದಕ್ಕೇನಂತೆ, ಕತ್ತೆಗೆ ಹೈ ಅನ್ನುವುದಿಲ್ಲವೇ. ಅವಳಿಗೂ ಮಕ್ಕಳಿರಲಿಲ್ಲ. ಗಂಡ ವರ್ಷಕ್ಕೆ ಮೂರು ತಿಂಗಳು ಊರಲ್ಲಿದ್ದರೆ ಹೆಚ್ಚು. ನಮ್ಮ ಮಾತನ್ನು ಅಡುಗೆಮನೆಯಲ್ಲೇ ಕಲಿತಳು, ಅದೂ ಅರ್ಧಂಬರ್ಧ.

ಆ ಇಪ್ಪತ್ತೆರಡನೇ ವರ್ಷ ರೊಟ್ಟಿಹಬ್ಬದ ದಿನಕ್ಕೆ ಇನ್ನೂ ಎಂಟು ದಿನವಿತ್ತು. ನಾದುತ್ತಾ ನಿಂತಿದ್ದೆ, ಹಾವೀಸ್ ಬಂದು ಪಕ್ಕದಲ್ಲಿ ನಿಂತಳು.

'ಟೇಟೆ. ಹಳ್ಳದ ಆಚೆ ಮುದುಕಿ. ಅವಳಿಗೆ ನೀವು ಬೇರೆ ಹೆಸರು. ನನಗೆ ಬೇರೆ. ಯಾಕೆ?'

'ನಿಮ್ಮದೇನು ಕಮ್ಮಿ ಹೆಸರಾ ತಾಯಿ? ಡಾಮ್ ಅಂದ್ರೆ ಎಷ್ಟು ಚೆನ್ನಾಗಿದೆ.'

'ಅದು ಫುಲ್ಕ್ ಕೊಟ್ಟ ಹೆಸರು. ಅವಳ ಗಂಡ ಸತ್ತ. ಮನೆ ಹೋಯಿತು. ಹೆಸರು ಹೋಗಲಿಲ್ಲ. ಯಾರು ಕೊಟ್ಟರು ಅವಳಿಗೆ?'

ನನಗೆ ರೇಗಿತು. ಬಾಯಿ ಮುಚ್ಚಿಕೊಂಡಿರುವ ಬುದ್ಧಿ ನನಗೆ ಯಾವತ್ತೂ ಇಲ್ಲ. 'ಯಾರೂ ಕೊಡಲ್ಲ. ಕೈ ಹಿಟ್ಟಿಗೆ ಹೋದ್ರೆ ಬರುತ್ತೆ. ನಾದಿ, ಮುರಿದು, ಊರವರ ಕೈಗೆ ಕೊಟ್ಟು, ಅವರು ತಿಂದ್ರೆ ಬರುತ್ತೆ. ಕೈಗವಸಿಗೆ ಬರಲ್ಲ,' ಅಂದೆ. ಹಬ್ಬ ಹೇಗೆ ನಡೆಯುತ್ತಿತ್ತು, ತಿಂದವನಿಗೆ ಏನೇನು ಭಾಷೆ ಸಿಗುತ್ತಿತ್ತು, ಎಲ್ಲ ಒದರಿದೆ. ಬೆತ್ತ ಬೀಳುತ್ತದೆ ಅಂದುಕೊಂಡಿದ್ದೆ. ಅವಳು ಕೈಗವಸು ಬಿಚ್ಚಿ ಕಿಟಕಿಯ ಮೇಲಿಟ್ಟಳು.

'ಹೇಳಿಕೊಡು.'

ಒಂದು ಗಳಿಗೆಯಲ್ಲಿ ಸಾಕಾಗಿ ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ಏಳು ದಿನ ಕಲಿತಳು. ಹಬ್ಬದ ಹಿಂದಿನ ದಿನ ಹೊಸ ಗೋಧಿಯ ಹಿಟ್ಟು ಸುರಿದು ಬೆಳಗಿನಿಂದ ನಾದಿದಳು. ಉಗುರು ಮುರಿಯಿತು, ಗಿಣ್ಣು ಊದಿತು. ಹಿಟ್ಟು ಅಂಟಿಕೊಂಡು ಬಿಡದೆ ಹೋದಾಗ ಅತ್ತಳು, ಅಳುತ್ತಲೇ ನಾದಿದಳು. 'ಸ್ವಲ್ಪ ಹಿಡಿ ಟೇಟೆ' ಅಂದಳು. 'ನಾನು ಮುಟ್ಟೋ ಹಾಗಿಲ್ಲ ತಾಯಿ, ಕಟ್ಟಳೆ' ಅಂತ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆ. ಆಗ ನನಗೆ ಖುಷಿಯೇ ಆಯಿತು, ಸುಳ್ಳೇಕೆ ಹೇಳಲಿ.

ಆದರೆ ಇದನ್ನು ಊರಲ್ಲಿ ಒಬ್ಬರಿಗೂ ಹೇಳಲಿಲ್ಲ. ಗುಡಿಸಲಿಗೂ ಆ ವಾರ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಕಿವಿ ಹಿಂಡಿ ಕಲಿಸಿದವಳ ವಿದ್ಯೆಯನ್ನು ಅವಳ ಮನೆ ಕಿತ್ತುಕೊಂಡವರಿಗೆ ಧಾರೆ ಎರೆದಿದ್ದೆ.

ಹಬ್ಬದ ದಿನ ಮಧ್ಯಾಹ್ನ ಎಲ್ಲರನ್ನೂ ಅಂಗಳಕ್ಕೆ ಕರೆಸಿದರು. ಹಾವೀಸ್ ಮೆಟ್ಟಿಲ ಮೇಲೆ ರೊಟ್ಟಿಯ ಬುಟ್ಟಿ ಇಟ್ಟುಕೊಂಡು ನಿಂತಿದ್ದಳು, ಊದಿದ ಬೆರಳು ಕಾಣದಂತೆ ಕೈಗವಸು ಹಾಕಿಕೊಂಡು. ಮೊದಲ ರೊಟ್ಟಿ ಮುರಿದು ಡುನ್ನನಿಗೆ ಚಾಚಿದಳು. ಡುನ್ನ ಟೋಪಿ ತೆಗೆದು ಬಾಗಿದ, ರೊಟ್ಟಿ ತೆಗೆದುಕೊಂಡ, ಬಾಯಿಗಿಡದೆ ಕಂಕುಳಲ್ಲಿ ಇಟ್ಟುಕೊಂಡ. ಅವನ ಹಿಂದಿನವನೂ ಹಾಗೇ. ಅವನ ಹಿಂದಿನವಳೂ ಹಾಗೇ. ನಲವತ್ತು ಜನ ರೊಟ್ಟಿ ಹಿಡಿದು ಕುರಿಗಳ ಹಾಗೆ ನಿಂತರು, ಒಬ್ಬರೂ ತಿನ್ನಲಿಲ್ಲ.

ಆಗ ಆಸ್ಗರ್ ಮುಂದೆ ಬಂದ. ಮುಖ ಕಪ್ಪಿಟ್ಟಿತ್ತು. 'ಕೇಳ್ರಯ್ಯಾ. ಪೂರ್ವದ ಕಡೆ ಧಣಿಯವರ ಜವುಗು ನೆಲಕ್ಕೆ ಒಡ್ಡು ಕಟ್ಟಬೇಕು. ಇಲ್ಲಿಂದ ಆರು ಮನೆ ಹೋಗ್ಬೇಕು ಅಂತ ಅಪ್ಪಣೆ ಆಗಿದೆ.' ಆರು ಮನೆಯ ಹೆಸರು ಹೇಳಿದ. ಮೊದಲನೆಯದೇ ಡುನ್ನನದು. ಅವನ ಸೊಸೆ ತುಂಬು ಬಸುರಿ. ನಾಲ್ಕು ವರ್ಷದ ಹಿಂದೆ ಪಕ್ಕದೂರಿನಿಂದ ಆ ಜವುಗಿಗೆ ಹೋದವರು ಚಳಿಜ್ವರದಲ್ಲಿ ಸತ್ತ ಸುದ್ದಿ ಬಂದಿತ್ತೇ ಹೊರತು ಅವರು ಬಂದಿರಲಿಲ್ಲ. 'ಡಾಮ್ ನಿಮ್ಮ ಪರ ಹಟ ಹಿಡಿದಿದಾರೆ. ಅವರ ಕೈ ರೊಟ್ಟಿ ತಿಂದವರು ಅವರವರು, ಯಾರೂ ಕದಲಬೇಕಾಗಿಲ್ಲ ಅಂತ ಧಣಿ ಮಾತು ಕೊಟ್ಟಿದಾರೆ. ನಗ್ತಾ ಕೊಟ್ಟಿದಾರೆ, ನೀವು ತಿನ್ನಲ್ಲ ಅಂತ ಅವರಿಗೆ ಗೊತ್ತು. ಹೊತ್ತು ಮುಳುಗೋವರೆಗೆ ಗಡುವು. ತಿನ್ನದಿದ್ರೆ ನಾಳೆ ಗಾಡಿ ಕಟ್ಟಿ.'

ಗುಸುಗುಸು ಎದ್ದಿತು. ಡುನ್ನನ ಸೊಸೆ ರೊಟ್ಟಿಯನ್ನು ಬಾಯ ಹತ್ತಿರ ತಂದಳು, ಡುನ್ನ ಅವಳ ಕೈ ಹಿಡಿದ.

'ನಿಂತ್ಕೊಳವ್ವಾ. ಇದನ್ನ ನಾದಿದ್ದು ಯಾರು? ದಿನಾ ನಾದೋಳು ಟೇಟೆ. ಅಂದ್ಮೇಲೆ ಇದು ಆಯಮ್ಮನ ರೊಟ್ಟಿ ಹೇಗಾಗುತ್ತೆ? ಸುಳ್ಳು ರೊಟ್ಟಿ ತಿಂದು ಸುಳ್ಳು ಭಾಷೆ ನಂಬಿ, ನಾಳೆ ಗಾಡಿನೂ ಹತ್ತಬೇಕು, ಹಳ್ಳದಾಚೆ ಕೂತಿರೋಳಿಗೆ ದ್ರೋಹಾನೂ ಬಗೀಬೇಕಾ? ಹ್ಲಾಫ್ದಿಯೆ ಬದುಕಿರೋವಾಗ ಬೇರೆ ಕೈಯಿಂದ ನಾನು ತಿನ್ನಲ್ಲ.' ನನ್ನ ಕಡೆ ತಿರುಗಿದ. 'ಹೇಳೇ ಟೇಟೆ, ನೀನೇ ತಾನೇ ನಾದಿದ್ದು?'

ಹಾವೀಸ್ ನನ್ನನ್ನು ನೋಡಿದಳು. ಎಲ್ಲರೂ ನೋಡಿದರು. ಅಲ್ಲ ಅಂದರೆ ಊರು ತಿನ್ನುತ್ತದೆ, ಹೆಸರು ಹಾವೀಸಳದಾಗುತ್ತದೆ, ಹ್ಲಾಫ್ದಿಯೆಯ ಇಪ್ಪತ್ತೆರಡು ವರ್ಷದ ಆಸೆಗೆ ನಾನೇ ಮಣ್ಣು ಎಳೆದಂತೆ. ಹೌದು ಅಂದರೆ ಆರು ಮನೆ ಜವುಗಿಗೆ. ನಾನು ಓಡಿದೆ. ಹಳ್ಳಕ್ಕೆ ಬಿದ್ದು, ಎದ್ದು, ಓಡಿದೆ.

ಸೇಫ್ಲೆಡ ಎಂದಿನಂತೆ ದಂಡೆಯಲ್ಲೇ ಕೂತಿದ್ದಳು. ಕಾಲ ಬುಡಕ್ಕೆ ಬಿದ್ದು ಎಲ್ಲ ಹೇಳಿದೆ. ಬೈಯಲಿ, ಕಿವಿ ಕಿತ್ತು ಕೈಗೆ ಕೊಡಲಿ ಅಂತ ಬಯಸುತ್ತಿದ್ದೆ. ಅವಳು ಬೈಯಲಿಲ್ಲ.

'ಒಬ್ಳೇ ನಾದಿದ್ಲಾ?' ಅಂದಳು.

'ಒಬ್ಳೇ.'

'ನೀನು ಮುಟ್ಲಿಲ್ಲ ತಾನೇ? ನಿಜ ಹೇಳು. ಅಂಟಿದಾಗ, ಮರಿಗೆ ಜಾರಿದಾಗ?'

'ನನ್ನಾಣೆ ಮುಟ್ಲಿಲ್ಲ. ಅತ್ಲು, ಆದ್ರೂ ಮುಟ್ಲಿಲ್ಲ.'

'ಅಳ್ತಾ ನಿಲ್ಲಿಸಿಬಿಟ್ಲಾ?'

'ಇಲ್ಲ. ಅಳ್ತಾನೇ ನಾದಿದ್ಲು.'

ಬಿಸಿಲು ಆಗಲೇ ಬೀಚ್ ಮರದ ತುದಿಗೆ ಇಳಿದಿತ್ತು. ನನಗೆ ಒಳಗೊಳಗೇ ಒಂದು ಆಸೆ ಇತ್ತು, ಹೇಳಿಬಿಡುತ್ತೇನೆ: ಅದು ಅವಳ ರೊಟ್ಟಿಯಲ್ಲ, ಯಾರೂ ತಿನ್ನಬೇಡಿ ಅಂತ ಅವಳು ಹೇಳಿಬಿಡಲಿ, ಗಾಡಿ ಕಟ್ಟುವುದಾದರೆ ಎಲ್ಲರಿಗೂ ಕಟ್ಟಲಿ ಅಂತ. ಅವಳು ಎದ್ದಳು, ಹರಿದ ಶಾಲು ಹೊದ್ದಳು. 'ನಡಿ,' ಅಂದಳು.

ಹೊರಗೆ ಹಾಕಿದ ಮೇಲೆ ಅವಳು ಆ ಅಂಗಳಕ್ಕೆ ಕಾಲಿಟ್ಟಿದ್ದು ಅದೇ ಮೊದಲು. ಜನ ಸರಿದು ದಾರಿ ಬಿಟ್ಟರು. ಯಾರೋ ಅಳಲು ಶುರುಮಾಡಿದರು. ಬುಟ್ಟಿಯಲ್ಲಿ ಇನ್ನೂ ಒಂದು ಇಡೀ ರೊಟ್ಟಿ ಉಳಿದಿತ್ತು. ಡುನ್ನ ಯಾರನ್ನೂ ಕೇಳದೆ ಅದನ್ನು ಎತ್ತಿ ತಂದು ಅವಳ ಎರಡೂ ಕೈಯಲ್ಲಿಟ್ಟ.

'ನೀನೇ ಮುರಿಯವ್ವಾ,' ಅಂದ. 'ಯಾರಾದ್ರೂ ನಾದಿರ್ಲಿ. ನೀನು ಮುರಿದು ಕೊಡು, ಎಲ್ರೂ ತಿಂತೀವಿ. ಆಮೇಲೆ ಜವುಗಿಗೆ ಬೇಕಾದ್ರೂ ಹೋಗ್ತೀವಿ, ನಿನ್ನವರಾಗಿ ಹೋಗ್ತೀವಿ.'

ಆಸ್ಗರ್ ಬೆತ್ತ ಎತ್ತಿದ, ಹಾವೀಸ್ ಅವನ ತೋಳು ಹಿಡಿದಳು. ಹೊಸ ಗೋಧಿಯ ರೊಟ್ಟಿ ಅವಳ ಕೈಯಲ್ಲಿತ್ತು, ನಾವೆಲ್ಲ ಎದುರಿಗೆ ನಿಂತಿದ್ದೆವು. ಅವಳು ಕೇಳಿದ್ದೆಲ್ಲ ಅಲ್ಲಿತ್ತು, ದೇವರೇ, ಒಂದೂ ಕಮ್ಮಿ ಇರಲಿಲ್ಲ. ಅವಳ ಹೆಬ್ಬೆರಳು ರೊಟ್ಟಿಯ ಅಂಚಿನ ಮೇಲೆ ಒತ್ತಿತು. ಮುರಿಯುತ್ತಾಳೆ ಅಂದುಕೊಂಡೆ. ನನ್ನ ಕೈ ತಾನಾಗಿ ಮುಂದೆ ಹೋಯಿತು, ಮಗುವಿನ ಕೈ ಹೋದ ಹಾಗೆ.

ಅವಳು ರೊಟ್ಟಿಯನ್ನು ಮುಖಕ್ಕೆ ತಂದು ಮೂಸಿದಳು. ತಿರುಗಿಸಿ ತಳ ನೋಡಿದಳು. ತಳದಲ್ಲಿ ಒಂದೇ ಕೈಯ ಬೆರಳಿನ ಗುಳಿ, ಒಂದು ಆಳ, ಒಂದು ಮೇಲೆ. ಹೊಸಬರ ಕೈ ಅಂತ ನಮ್ಮಂಥವರಿಗೆ ನೋಡಿದ ಕೂಡಲೇ ತಿಳಿಯುತ್ತದೆ. ಆ ಗುಳಿಗಳ ಮೇಲೆ ತನ್ನ ಬೆರಳು ಆಡಿಸಿದಳು. ಆಮೇಲೆ ಮೆಟ್ಟಿಲ ಹತ್ತಿರ ನಡೆದಳು, ಒಂದೊಂದೇ ಹೆಜ್ಜೆ, ಕಾಲಿಗೆ ಯಾರೋ ಹಗ್ಗ ಕಟ್ಟಿ ಹಿಂದಕ್ಕೆ ಎಳೆಯುತ್ತಿದ್ದ ಹಾಗೆ. ರೊಟ್ಟಿಯನ್ನು ಹಾವೀಸಳ ಕೈಗೆ ವಾಪಸು ಕೊಟ್ಟಳು.

'ಅದನ್ನ ಬಿಚ್ಚು,' ಅಂದಳು. ಹಾವೀಸ್ ಕೈಗವಸು ಬಿಚ್ಚಿದಳು. ಊದಿ, ಸಿಪ್ಪೆ ಎದ್ದ ಬೆರಳನ್ನು ಎಲ್ಲರೂ ಕಂಡರು. ಡುನ್ನನೂ ಕಂಡ.

ಸೇಫ್ಲೆಡ ಎರಡೂ ಅಂಗೈ ಸೇರಿಸಿ ಒಡ್ಡಿದಳು. ಹಾವೀಸ್ ರೊಟ್ಟಿ ಮುರಿದಳು, ಗಟ್ಟಿಯಾಗಿತ್ತು, ಮೊಣಕಾಲಿಗೆ ಒತ್ತಿ ಮುರಿಯಬೇಕಾಯಿತು. ಒಂದು ತುಂಡು ಅವಳ ಅಂಗೈಯಲ್ಲಿಟ್ಟಳು. ಸೇಫ್ಲೆಡ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದು ನುಂಗಿದಳು. ನುಂಗಿ, ನಮ್ಮೆಲ್ಲರಿಗೂ ಕೇಳುವ ಹಾಗೆ ಹಾವೀಸಳಿಗೆ ಹೇಳಿದಳು:

'ಹ್ಲಾಫ್ದಿಯೆ.'

ಡುನ್ನ ಗೋಳೋ ಅಂತ ಅತ್ತ. ಅಳುತ್ತಾ ಅಳುತ್ತಾ ಕಂಕುಳಿನ ರೊಟ್ಟಿ ತೆಗೆದು ತಿಂದ. ಅವನ ಸೊಸೆ ತಿಂದಳು. ಒಬ್ಬೊಬ್ಬರಾಗಿ ಎಲ್ಲರೂ ತಿಂದರು. ನಾನೂ ಸಾಲಿನಲ್ಲಿ ನಿಂತು ನನ್ನ ಪಾಲು ಇಸಿದುಕೊಂಡೆ, ಒಂದು ತುತ್ತು ಕಚ್ಚಿದೆ, ಮಿಕ್ಕಿದ್ದನ್ನು ಮುಷ್ಟಿಯಲ್ಲಿಟ್ಟುಕೊಂಡೆ. ಆಸ್ಗರ್ ತನ್ನ ಲೆಕ್ಕದ ಕಡ್ಡಿಯಲ್ಲಿ ಆ ಆರು ಮನೆಗೆ ಕೊರೆದಿಟ್ಟಿದ್ದ ಗೀಟುಗಳನ್ನು ಚಾಕುವಿನಿಂದ ಹೆರೆದು ಹಾಕಿದ. ಹೊತ್ತು ಮುಳುಗಲು ಇನ್ನೂ ಒಂದು ಮಾರು ಬಿಸಿಲಿತ್ತು.

ಅವಳನ್ನು ಹಳ್ಳ ದಾಟಿಸಲು ಜೊತೆಗೆ ಹೋದೆ. ದಾರಿಯುದ್ದಕ್ಕೂ ಜಗಳ ತೆಗೆದೆ. ನನ್ನ ತಪ್ಪಿಗೆ ಅವಳನ್ನು ಬೈಯುವುದು ಬಿಟ್ಟು ನನಗೆ ಬೇರೆ ಏನು ಗೊತ್ತಿತ್ತು?

'ನಾದಿದ್ದು ಅವಳೇ ಅಂತ ನೀನು ಹೇಳಿದ್ರೆ ಸಾಕಾಗಿತ್ತು. ಅವರು ತಿಂತಿದ್ರು. ನೀನ್ಯಾಕೆ ಕೈ ಒಡ್ಡಿದೆ? ಇಷ್ಟು ವರ್ಷ ಇಟ್ಕೊಂಡಿದ್ದನ್ನ ಒಂದು ತುತ್ತಿಗೆ ಕೊಟ್ಟುಬಿಟ್ಯಲ್ಲ. ಅದೂ ಆ ಕಲ್ಲಿನಂಥ ರೊಟ್ಟಿಗೆ!'

'ಉಪ್ಪು ಹಾಕೋದು ಮರೆತಿದಾಳೆ,' ಅಂದಳು. 'ನೀನು ಹೇಳ್ಕೊಟ್ಟಿದ್ದು ತಾನೇ, ಅದಕ್ಕೇ.'

'ತಮಾಷೆ ಬೇಡ. ಯಾಕೆ ತಿಂದೆ, ಹೇಳು.'

ಅವಳು ನಡೆಯುವುದನ್ನು ನಿಲ್ಲಿಸಿದಳು. ಅಷ್ಟು ಹೊತ್ತು ಒಂದು ಹನಿಯೂ ಬರದ ಕಣ್ಣಿಂದ ನೀರು ಸುಮ್ಮನೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

'ಮುರಿದು ಕೊಡೋಳು ಆ ರೊಟ್ಟಿ ತಾನು ತಿನ್ನೋ ಹಾಗಿಲ್ಲ ಟೇಟೆ. ನಿಮ್ಗ್ಯಾರಿಗೂ ಅದು ಕಾಣಿಸ್ಲೇ ಇಲ್ಲ. ಹದಿನಾರನೇ ವರ್ಷದಲ್ಲಿ ನಮ್ಮವ್ವನ ಕೈಯಿಂದ ಕೊನೇ ಸಲ ತಿಂದಿದ್ದೆ. ಆಮೇಲೆ ಯಾರೂ ಕೊಡ್ಲಿಲ್ಲ. ಅಲ್ಲಿ ನಿಂತಾಗ ಮುರಿಯಕ್ಕೇ ಹೋಗಿದ್ದೆ ಕಣೆ, ನನ್ನಾಣೆ. ಹಿಟ್ಟಿನ ವಾಸನೆ ಮೂಗಿಗೆ ಬಡೀತು. ಹಸಿವಾಗ್ಬಿಡ್ತು. ಮೂವತ್ತೆರಡು ವರ್ಷದ ಹಸಿವು.'

ನನ್ನ ಪಾಲಿನ ತುಂಡು ಮುಷ್ಟಿಯಲ್ಲೇ ಬೆವೆತು ಮೆತ್ತಗಾಗಿತ್ತು. ಅದನ್ನು ಮುರಿದು ಅವಳ ಕಡೆ ಚಾಚಿದೆ. ಬೇಡ ಅನ್ನುತ್ತಾಳೆ, ಕಿವಿಗೆ ಕೈ ಹಾಕುತ್ತಾಳೆ ಅಂದುಕೊಂಡೆ. ಅನ್ನಲಿಲ್ಲ. ದಾರಿಯಲ್ಲೇ ನಿಂತು ತಿಂದಳು, ಇನ್ನರ್ಧಕ್ಕೂ ಕೈ ಒಡ್ಡಿದಳು.